ಟೀಚರ್ ಟ್ರೈನಿಂಗ್‌ನಲ್ಲಿ ತಕಲಿ ಯಾಕಿತ್ತು?

ಪ್ರಶ್ನೆ: ಅಜ್ಜಿಯ ಟ್ರಂಕಿನಲ್ಲಿ ಅವರ 1958ರ ತರಬೇತಿ ನೋಟ್‌ಬುಕ್ಕು ಸಿಕ್ಕಿತು. ಅರ್ಧ ಪಾಠ ಟಿಪ್ಪಣಿ, ಉಳಿದರ್ಧ ತಕಲಿಯಲ್ಲಿ (ನೂಲುವ ಕೈಕದಿರು) ದಿನಕ್ಕೆಷ್ಟು ನೂಲು ತೆಗೆದರೆಂಬ ಲೆಕ್ಕ! ಅಕ್ಷರ ಕಲಿಸುವವರಿಗೆ ಇದೆಲ್ಲ ಯಾಕೆ? ನನ್ನ ಡಿ.ಎಡ್. ತರಬೇತಿಯಲ್ಲಿ ಇದರ ಸುಳಿವೂ ಇರಲಿಲ್ಲ.

ನಿವೃತ್ತ ಮೇಷ್ಟ್ರು: ಅದು ಗಾಂಧೀಜಿಯ ಮೂಲ ಶಿಕ್ಷಣ ಕಣಮ್ಮಾ. 1937ರಲ್ಲಿ ವಾರ್ಧಾ ಸಮ್ಮೇಳನ, ಅದರ ಬೆನ್ನಿಗೇ ಜಾಕಿರ್ ಹುಸೇನ್ ಸಮಿತಿಯ ಪಠ್ಯಕ್ರಮ. ಕೈಕಸುಬಿನ ಮೂಲಕವೇ ಗಣಿತ, ಭಾಷೆ, ಸಮಾಜ ಕಲಿಸಬೇಕು ಅನ್ನೋದು ತಿರುಳು. ಎಳೆ ಎಣಿಸುತ್ತಾ ಕೂಡುವ ಲೆಕ್ಕ, ಹತ್ತಿಯ ನೆಪದಲ್ಲಿ ಮಣ್ಣು, ಮಳೆ, ಮಾರುಕಟ್ಟೆ. ಸ್ವಾತಂತ್ರ್ಯ ಬಂದಮೇಲೆ ಸರ್ಕಾರ ಇದನ್ನೇ ಪ್ರಾಥಮಿಕ ಶಿಕ್ಷಣದ ಮಾದರಿ ಅಂತ ಒಪ್ಪಿತು. ಶಿಕ್ಷಕರಿಗೂ ತಕಲಿ ಬಂತು. ನಾನು ಟಿ.ಸಿ.ಎಚ್. (ಆಗಿನ ಶಿಕ್ಷಕ ತರಬೇತಿ) ಮಾಡುವ ಹೊತ್ತಿಗೆ ಅದು ಬೀರು ಸೇರಿತ್ತು. ನಮ್ಮ ಗುರುಗಳು ನಗುತ್ತಿದ್ದರು: ನೂಲು ತೂಗಿ ಅಂಕ ಹಾಕುತ್ತಿದ್ದರಂತೆ, ನೂಲಿನಿಂದ ಗಣಿತ ಹೊರಡಿಸೋದು ಮಾತ್ರ ಯಾರಿಗೂ ಬರುತ್ತಿರಲಿಲ್ಲವಂತೆ.

ಇನ್ನೊಬ್ಬರು: ಕೊಠಾರಿ ಶಿಕ್ಷಣ ಆಯೋಗ (1964–66) ಕಸುಬಿನ ಜಾಗಕ್ಕೆ ‘ಕಾರ್ಯಾನುಭವ’ (ಉತ್ಪಾದಕ ಕೆಲಸದಲ್ಲಿ ಭಾಗಿಯಾಗಿ ಕಲಿಯೋದು) ತಂದಿತು. ತರಬೇತಿ ಸಂಸ್ಥೆಗಳು ಶಾಲೆಗಳಿಂದಲೂ ವಿಶ್ವವಿದ್ಯಾಲಯಗಳಿಂದಲೂ ದೂರ ಉಳಿದಿವೆ ಅಂತ ಬೈದದ್ದೂ ಅದೇ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಜಿಲ್ಲೆಗಳಿಗೆ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಬಂದವು. 1993ರ ಕಾಯ್ದೆಯಿಂದ ಶಿಕ್ಷಕ ತರಬೇತಿಯ ರಾಷ್ಟ್ರೀಯ ಪರಿಷತ್ತಾದ ಎನ್‌ಸಿಟಿಇಗೆ ಶಾಸನದ ಬಲ ಸಿಕ್ಕಿತು. ಆದರೂ ಆ ದೂರ ಕಮ್ಮಿಯಾಗಿದೆ ಅಂತ ನನಗನ್ನಿಸಲ್ಲ.

ಪ್ರಶ್ನೆ ಕೇಳಿದವರು: ಮೇಷ್ಟ್ರೇ, ನಿಮ್ಮ ಗುರುಗಳ ಮಾತು ನಿಜ. ಅಜ್ಜಿಯ ಕೊನೆಯ ಪುಟದಲ್ಲಿ ಕೆಂಪು ಶಾಯಿಯ ಷರಾ: ‘ನೂಲು ಒರಟು’. ಪಾಠದ ಬಗ್ಗೆ ಒಂದಕ್ಷರವೂ ಇಲ್ಲ.