ಲವ್‌ಕ್ರಾಫ್ಟ್ ಕತಿ: ಒಂದೇ ಸಂಜಿಗೆ ಯಾವುದು?

ಪ್ರಶ್ನೆ (ಕಲಬುರಗಿ): ನಮ್ಮ ಓದುಬಳಗದಾಗ ರವಿವಾರ ಅಮೆರಿಕದ ಹೆದರಿಕಿ ಕತಿಗಾರ ಲವ್‌ಕ್ರಾಫ್ಟ್‌ದು ಒಂದು ಕತಿ ಜೋರಾಗಿ ಓದೋದದ. ಒಂದೇ ಬೈಠಕ್‌ನಾಗ ಮುಗೀಬೇಕು. ಯಾವುದು ಚಲೋ ಹೇಳ್ರಿ.

ಬೀದರ್: ‘ದಿ ಕಲರ್ ಔಟ್ ಆಫ್ ಸ್ಪೇಸ್’ (1927) ತಗೋರಿ. ಸುಮಾರು 12 ಸಾವಿರ ಪದ, ಒಂದೂವರೆ ತಾಸು ಹಿಡೀತದ. ಬಾವಿ ಬಾಜೂಕ ಉಲ್ಕೆ ಬೀಳ್ತದ. ಆ ವರ್ಷ ಹಣ್ಣು ದಪ್ಪಗ, ಮಿರಿಮಿರಿ ಮಿಂಚ್ತಾವ, ಬಾಯಾಗ ಇಟ್ರ ಕಹಿ. ಆಮ್ಯಾಲ ಗಿಡ, ದನ, ಮಂದಿ ಎಲ್ಲಾ ಬೂದಿಬಣ್ಣಕ್ಕ ತಿರುಗಿ ಪುಡಿಪುಡಿ. ದೆವ್ವ ಇಲ್ಲ ಭೂತ ಇಲ್ಲ, ಬರೇ ಒಂದು ಬಣ್ಣ! ಕತಿ ಹೇಳಾಂವ ಜಲಾಶಯದ ಸರ್ವೇಕ್ಕ ಬಂದಾಂವ. ಆ ಹೊಲ ಮುಳುಗಿದ ಮ್ಯಾಲ ಅದೇ ನೀರು ಊರಿಗೆ. ಕೃಷ್ಣಾ ಹಿನ್ನೀರು ನೋಡಿದವರಿಗೆ ಬಿಡಿಸಿ ಹೇಳೋದು ಬ್ಯಾಡ.

ಯಾದಗಿರಿ: ಖರೇ ಅದ. ‘ದಿ ಕಾಲ್ ಆಫ್ ಕ್ಥುಲು’ (1928) ಮಾತ್ರ ಜೋರಾಗಿ ಓದಬ್ಯಾಡ್ರಿ. ಮೂರು ಭಾಗ, ಕಾಗದಪತ್ರದಾಗ ಕಾಗದಪತ್ರ. ಯಾರ ಮಾತು ನಡದದ ಅಂತ ಕೇಳೋರಿಗೆ ತಪ್ಪಿಹೋಗ್ತದ. ‘ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್‌ನೆಸ್’ 40 ಸಾವಿರ ಪದದ ಮ್ಯಾಲ ಅದ, ಒಂದು ಸಂಜಿದ್ದಲ್ಲ.

ಬೀದರ್: ಇನ್ನೊಂದು. ಲವ್‌ಕ್ರಾಫ್ಟ್ ಹೆಸರಿನ ಜೋಡಿ ಅಂವನ ಗೆಳೆಯ, ಲೇಖಕ ಆಗಸ್ಟ್ ಡರ್ಲೆತ್ ಹೆಸರೂ ಕೂಡಿದ್ದ ಪುಸ್ತಕ ಸದ್ಯ ಬಿಡ್ರಿ. ಲವ್‌ಕ್ರಾಫ್ಟ್ 1937ರಾಗ ತೀರಿಹೋದ ಮ್ಯಾಲ ಚೂರುಪಾರು ಟಿಪ್ಪಣಿ ಹಿಡಿದು ಬಹುತೇಕ ಡರ್ಲೆತ್ತೇ ಬರೆದದ್ದು ಅವು.