ಮಸ್ಟ್ಯಾಂಗ್ ತಗ್ಗಿಸುವ ಮುನ್ನ: ಸ್ಪ್ರಿಂಗ್, ಡ್ಯಾಂಪರ್ ಮತ್ತು ನಮ್ಮ ಭಾಗದ ರಸ್ತೆಗಳು

ಪ್ರಶ್ನೆ, ವಿಜಯಪುರದಿಂದ:
ನನ್ನ ಬಳಿ ಫೋರ್ಡ್ ಮಸ್ಟ್ಯಾಂಗ್ ಜಿಟಿ, 5.0 ಲೀಟರ್ ವಿ8 ಕಾರು ಇದೆ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಸಂದು ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ, ತಿರುವುಗಳಲ್ಲಿ ಕಾರು ವಾಲುತ್ತದೆ. 40 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಮಾತ್ರ ಹಾಕಿಸಿದರೆ ಸಾಕೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ, ಬೆಳಗಾವಿಯಿಂದ:
40 ಬೇಡ, 20ರಿಂದ 25 ಮಿ.ಮೀ. ಸಾಕು. 2016ರಲ್ಲಿ ಭಾರತಕ್ಕೆ ಬಂದ ಜಿಟಿಯ ನೆಲದ ಅಂತರ (ಕಾರಿನ ಹೊಟ್ಟೆಗೂ ನೆಲಕ್ಕೂ ನಡುವಿನ ಜಾಗ) 137 ಮಿ.ಮೀ. ಅದರಲ್ಲಿ 40 ಕಳೆದರೆ ನೂರಕ್ಕಿಂತ ಕಡಿಮೆ ಉಳಿಯುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯಂತೆ ಕಟ್ಟಿದ ಹಂಪ್ 100 ಮಿ.ಮೀ. ಎತ್ತರವಿದ್ದರೂ 3.7 ಮೀಟರ್ ಅಗಲವಿರುತ್ತದೆ. ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ ಸುಮಾರು 2.7 ಮೀಟರ್ ಆದ್ದರಿಂದ ನಾಲ್ಕೂ ಚಕ್ರಗಳು ಹಂಪಿನ ಮೇಲೆಯೇ ನಿಲ್ಲುತ್ತವೆ, ಹೊಟ್ಟೆಯ ಕೆಳಗೆ ಬರುವ ಉಬ್ಬು ಅರ್ಧದಷ್ಟೇ ಆಗುತ್ತದೆ. ತೊಂದರೆ ಇರುವುದು ಊರವರು ರಾತ್ರೋರಾತ್ರಿ ಕಟ್ಟಿದ, ಒಂದು ಮೊಳ ಅಗಲದ ಹಂಪುಗಳಲ್ಲಿ. ಅವು ಎರಡು ಚಕ್ರಗಳ ನಡುವೆ ಪೂರ್ತಿ ಎತ್ತರದಲ್ಲಿ ಎದುರಾಗುತ್ತವೆ.

ಸ್ಪ್ರಿಂಗಿನ ಗಡಸುತನವನ್ನು ಎತ್ತರದ ಜೊತೆಗೇ ನೋಡಬೇಕು. ತಗ್ಗಿಸಿದಷ್ಟೂ ಚಕ್ರ ಮೇಲೇಳಲು ಉಳಿಯುವ ಜಾಗ ಕಡಿಮೆಯಾಗುವುದರಿಂದ, ಗಡಸುತನ ಹೆಚ್ಚದ ಸ್ಪ್ರಿಂಗ್ ಪ್ರತಿ ಗುಂಡಿಯಲ್ಲೂ ಬಂಪ್ ಸ್ಟಾಪಿಗೆ, ಅಂದರೆ ಚಲನೆಯ ಕೊನೆಯಲ್ಲಿ ತಡೆಯುವ ಮೆತ್ತೆಗೆ, ಬಡಿಯುತ್ತದೆ. ಹಾಗಾಗಿ ಮಾರುವವರಲ್ಲಿ ನ್ಯೂಟನ್ ಪ್ರತಿ ಮಿ.ಮೀ. (ಒಂದು ಮಿ.ಮೀ. ಅದುಮಲು ಬೇಕಾದ ಬಲ) ಎಷ್ಟು, ಗಡಸುತನ ಒಂದೇ ಸಮನಿರುವ ಸಮಗತಿಯದೋ, ಅದುಮಿದಷ್ಟೂ ಹೆಚ್ಚುವ ಪ್ರೋಗ್ರೆಸಿವೋ ಎಂದು ಕೇಳಿ; ಉತ್ತರ ಕೊಡಲಾಗದ ಅಂಗಡಿಯಲ್ಲಿ ಕೊಳ್ಳಬೇಡಿ. ಮೂಲ ಸ್ಪ್ರಿಂಗಿನ ಸುತ್ತುಗಳನ್ನು ಕತ್ತರಿಸಿ ಕೊಡುತ್ತೇವೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಗ್ಯಾಸ್ ಕಟ್ಟರಿನ ಶಾಖಕ್ಕೆ ಉಕ್ಕಿನ ಹದ ಕೆಡುತ್ತದೆ, ತುದಿ ತನ್ನ ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ.

ಕೂಡಿಸುವಾಗ ಎದುರಿಗೇ ನಿಂತು ನೋಡಬೇಕಾದ ಕೆಲಸ ಒಂದಿದೆ. ಹಿಂದಿನ ಆರ್ಮುಗಳ (ಚಕ್ರವನ್ನು ಕಾರಿನ ಒಡಲಿಗೆ ಜೋಡಿಸುವ ತೋಳುಗಳ) ಬೋಲ್ಟುಗಳನ್ನು ಕಾರು ಲಿಫ್ಟಿನ ಮೇಲೆ ತೂಗುತ್ತಿರುವಾಗಲೇ ಪೂರ್ತಿ ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದ ಅವುಗಳ ಕೀಲಿನಲ್ಲಿರುವ ರಬ್ಬರ್ ಮೆತ್ತೆ, ಅಂದರೆ ಬುಷ್, ತಿರುಚಿಕೊಂಡೇ ಇರುತ್ತದೆ, ಬೇಗನೆ ಹರಿಯುತ್ತದೆ. ಚಕ್ರಗಳ ಮೇಲೆ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿತ ಕೊಡಿಸಿ. ನಮ್ಮೂರಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಲೇತುಗಳಲ್ಲಿ ಬುಷ್ ಕಡೆಸಿಕೊಳ್ಳಬಹುದಾದರೂ, ಸಸ್ಪೆನ್ಷನ್ನಿಗೆ ತಯಾರಕರ ರಬ್ಬರನ್ನೇ ನಾನು ಮೆಚ್ಚುತ್ತೇನೆ. ಪಾಲಿಯುರೆಥೇನ್ ಬುಷ್ ಗಟ್ಟಿಯಾಗಿರುವುದರಿಂದ ರಸ್ತೆಯ ಸದ್ದು ಕಾರಿನೊಳಕ್ಕೆ ಬರುತ್ತದೆ.

ಉತ್ತರ, ಬಾಗಲಕೋಟೆಯಿಂದ:
ಮೇಲಿನವರು ಡ್ಯಾಂಪರಿನ, ಅಂದರೆ ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರಿನ, ವಿಷಯ ಬಿಟ್ಟಿದ್ದಾರೆ. ನಮ್ಮದು ಎರೆಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಮೇಲೆ ಹಾಸಿದ ಡಾಂಬರು ಕೆಲವೇ ವರ್ಷಗಳಲ್ಲಿ ಅಲೆಅಲೆಯಾಗುತ್ತದೆ, ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರುಗಳ ಭಾರಕ್ಕೆ ಅಂಚುಗಳು ಕುಸಿಯುತ್ತವೆ. ಗಟ್ಟಿ ಸ್ಪ್ರಿಂಗ್ ಹೆಚ್ಚು ಬಲದಿಂದ ಹಿಂದಕ್ಕೆ ಚಿಮ್ಮುತ್ತದೆ. ಅದನ್ನು ತಡೆಹಿಡಿಯುವ ಶಕ್ತಿ ಹಳೆಯ ಡ್ಯಾಂಪರಿನಲ್ಲಿ ಇಲ್ಲದಿದ್ದರೆ ಒಂದು ಅಲೆ ಇಳಿಯುವ ಮೊದಲೇ ಇನ್ನೊಂದಕ್ಕೆ ಕಾರು ತೊನೆಯುತ್ತ ಹೋಗುತ್ತದೆ. ಆದ್ದರಿಂದ ಹಣ ಸೀಮಿತವಾಗಿದ್ದರೆ ಮೊದಲು ಡ್ಯಾಂಪರ್, ಅದೇ ಸಲ ಹೊಸ ಬಂಪ್ ಸ್ಟಾಪ್ ಮತ್ತು ಸ್ಟ್ರಟ್ ಮೌಂಟ್ (ಮುಂದಿನ ಡ್ಯಾಂಪರಿನ ಮೇಲ್ತುದಿಯನ್ನು ಒಡಲಿಗೆ ಕೂರಿಸುವ ಭಾಗ), ಆಮೇಲೆ ಸ್ಪ್ರಿಂಗ್. ತಿರುವಿನಲ್ಲಿ ವಾಲುವುದೊಂದೇ ಚಿಂತೆಯಾದರೆ ಎತ್ತರವನ್ನು ಮುಟ್ಟದೆ ದಪ್ಪನೆಯ ಆಂಟಿ-ರೋಲ್ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಸರಳು) ಹಾಕಿಸಿ ನೋಡಿ. ಕಡಿಮೆ ಖರ್ಚಿನಲ್ಲಿ ಹೆಚ್ಚಿನ ಫಲ ಸಿಗುವುದು ಅದರಿಂದಲೇ ಎಂಬುದು ನನ್ನ ಅಭಿಪ್ರಾಯ.

ತಗ್ಗಿದ ಎತ್ತರವನ್ನು ನೆಲದಿಂದ ಅಳೆಯಬೇಡಿ, ಟೈರಿನ ಗಾಳಿಯಿಂದ ಲೆಕ್ಕ ತಪ್ಪುತ್ತದೆ. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ ಅಳತೆ ಹಿಡಿದು, ಮುಂಚಿನದು, ನಂತರದ್ದು ಎರಡನ್ನೂ ಬರೆದಿಡಿ. ಸ್ಪ್ರಿಂಗ್ ಕುಳಿತ ಮೇಲೆ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಿ. ತಗ್ಗಿದಾಗ ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ, ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೂಡ ಬದಲಾಗುತ್ತದೆ; ಟೈರಿನ ಒಳಅಂಚನ್ನು ಹೆಚ್ಚಾಗಿ ತಿನ್ನುವುದು ಕೆಟ್ಟ ಟೋ.

ಉತ್ತರ, ವಿಜಯಪುರದಿಂದ:
ಕಾನೂನಿನ ಮಾತು ಒಂದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಿಗದಿಪಡಿಸಿದ ವಿವರಗಳಿಗೆ ಭಿನ್ನವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಹಣ ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಬಿಚ್ಚಿದ ಮೂಲ ಸ್ಪ್ರಿಂಗುಗಳನ್ನು ಮುಂದಿನವು, ಹಿಂದಿನವು ಎಂದು ಚೀಟಿ ಕಟ್ಟಿ ಮನೆಗೆ ತನ್ನಿ. ಮಾರುವ ದಿನ ಕೊಳ್ಳುವವರು ಅವನ್ನೇ ಕೇಳುತ್ತಾರೆ.