ಬಣ್ಣದ ನೀರು ತಿಳಿಯಾಯಿತು, ಕಬ್ಬಿಗೆ ಬಿಡಬಹುದಾ?

ಪ್ರಶ್ನೆ (ಬನಹಟ್ಟಿ):
ನಮ್ಮದು ನೂಲಿಗೆ ಬಣ್ಣ ಹಾಕುವ ಸಣ್ಣ ಘಟಕ. ಕೆಂಪು ನೀರನ್ನು ಡ್ರಮ್ಮಿಗೆ ತುಂಬಿ, ಸಗಣಿ ರಾಡಿ, ಬೆಲ್ಲ ಹಾಕಿ ಮುಚ್ಚಿಟ್ಟೆ. ಕೆಲವು ದಿನಕ್ಕೆ ಕೆಂಪು ಹೋಗಿ ತೆಳು ಹಳದಿಗೆ ತಿರುಗಿತು. ಕೊಳೆತ ಮೊಟ್ಟೆಯ ವಾಸನೆ ಮಾತ್ರ ಜಾಸ್ತಿ. ಕಬ್ಬಿಗೆ ಬಿಡಬಹುದಾ?

ಉತ್ತರ (ಬೆಳಗಾವಿ, ಸೂಕ್ಷ್ಮಜೀವಿ ಲ್ಯಾಬ್):
ಬೇಡ್ರಿ, ದಯವಿಟ್ಟು ಬಿಡಬೇಡಿ. ನಿಮ್ಮ ಬಣ್ಣ ಬಹುಶಃ ಅಜೋ ಗುಂಪಿನದು. ಅದರಲ್ಲಿ ಎರಡು ಸಾರಜನಕ ಪರಮಾಣುಗಳ ಜೋಡಿ ಇರುತ್ತದೆ. ಗಾಳಿ ಇಲ್ಲದ ಕಡೆ ಬ್ಯಾಕ್ಟೀರಿಯಾ ಅಜೋರಿಡಕ್ಟೇಸ್ ಎಂಬ ಕಿಣ್ವದಿಂದ ಆ ಜೋಡಿಯನ್ನು ಮುರಿಯುತ್ತವೆ. ಬಣ್ಣ ಹೋಗುತ್ತದೆ, ಮುರಿದ ತುಂಡುಗಳಾದ ಅಮೀನ್ ಎಂಬ ರಾಸಾಯನಿಕಗಳು ಉಳಿಯುತ್ತವೆ. ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಕಣ್ಣಿಗೆ ಕಾಣುವುದಿಲ್ಲ, ಅದೇ ಅಪಾಯ. ಹಾಗಾಗಿ ಎರಡನೇ ಹಂತ ಬೇಕೇ ಬೇಕು: ಗಾಳಿ ಊದುವ ಟ್ಯಾಂಕ್. ಅಲ್ಲಿ ಬೇರೆ ಬ್ಯಾಕ್ಟೀರಿಯಾ ಅಮೀನ್‌ಗಳನ್ನು ತಿನ್ನುತ್ತವೆ, ಎಲ್ಲವನ್ನೂ ಅಲ್ಲ.

ಆ ವಾಸನೆ ಹೈಡ್ರೋಜನ್ ಸಲ್ಫೈಡ್‌ನದು, ವಿಷದ ಗಾಳಿ. ಡ್ರಮ್ಮಿನ ಮೇಲೆ ಬಗ್ಗಬೇಡಿ. ಬಣ್ಣ ಹಿಡಿಯಲಿ ಅಂತ ಉಪ್ಪು ಸುರಿದಿರುತ್ತೀರಿ ಅಲ್ವಾ? ಅದನ್ನು ಯಾವ ಜೀವಿಯೂ ತಿನ್ನುವುದಿಲ್ಲ. ಎರೆಭೂಮಿಗೆ ಉಪ್ಪು ಕೂತರೆ ಹೊಲ ಕೆಟ್ಟಿತು.

ಉತ್ತರ (ಇಳಕಲ್):
ಬ್ಯಾಕ್ಟೀರಿಯಾ ಪುಡಿ ಪ್ಯಾಕೆಟ್‌ನಲ್ಲೇ ಸಿಗುತ್ತದಲ್ಲ?

ಉತ್ತರ (ಬೆಳಗಾವಿ):
ಸುಮ್ನೆ ದುಡ್ಡು ಹಾಕುವ ಮೊದಲು ನಿಮ್ಮ ಚರಂಡಿಯ ಕೆಸರನ್ನೇ ನೋಡಿ. ಅದೇ ಬಣ್ಣ, ಅದೇ ಉಪ್ಪಿಗೆ ಒಗ್ಗಿದ ಜೀವಿಗಳು ಅಲ್ಲಿವೆ. ಲ್ಯಾಬಿನಲ್ಲಿ ಅವುಗಳ 16ಎಸ್ ಆರ್‌ಆರ್‌ಎನ್‌ಎ ಜೀನ್ (ಬ್ಯಾಕ್ಟೀರಿಯಾ ಗುರುತಿಸಲು ಬಳಸುವ ಡಿಎನ್‌ಎ ಭಾಗ) ಓದಿದರೆ ಅವು ಯಾವ ಜಾತಿಯವು ಅಂತ ಹೆಚ್ಚುಕಮ್ಮಿ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು:
ಹೊಲಕ್ಕೆ ಬಿಡುವುದಿಲ್ಲ ಸರ್. ಪಕ್ಕದ ಘಟಕದವರೂ ಸೇರಿ ಒಂದೇ ಟ್ಯಾಂಕ್ ಮಾಡೋಣ ಅಂತಿದ್ದಾರೆ. ಕೆಸರನ್ನು ಯಾವುದರಲ್ಲಿ ತುಂಬಿ ತರಲಿ?